ನಾಲ್ಕು ಸಾಲು ಹೆಚ್ಚಾಗಿದ್ದ ಸುತ್ತೋಲೆ

ವೈದ್ಯಕೀಯ ಅಧೀಕ್ಷಕರೇ,

‘ಮಾನ್ಯ’ ಎಂಬ ಪದವನ್ನು ಬೇಕೆಂದೇ ಬಿಟ್ಟಿದ್ದೇನೆ. ಜಾಗ ಉಳಿಸುವುದಕ್ಕೆ. ಪದಗಳನ್ನು ಕಿತ್ತುಹಾಕಿ ಜಾಗ ಉಳಿಸುವ ವಿದ್ಯೆಯನ್ನು ನಿಮ್ಮ ಕಚೇರಿಯಲ್ಲೇ ಕಲಿತವಳು ನಾನು.

ನನ್ನ ದೂರು ಇಷ್ಟು. ನಿಮ್ಮ ಆಸ್ಪತ್ರೆಯ ಹದಿನಾಲ್ಕು ವಾರ್ಡುಗಳ ಗೋಡೆಯ ಮೇಲೆ, ಗಾಜಿನ ಚೌಕಟ್ಟಿನೊಳಗೆ ಕೂತಿರುವ ಆ್ಯಂಟಿಬಯಾಟಿಕ್ ಸುತ್ತೋಲೆಯಿಂದ ನೀವು ನಾಲ್ಕು ಸಾಲು ತೆಗೆಸಿದಿರಿ. ಅವು ಇದ್ದಿದ್ದರೆ, ಸೋಂಕು ರಕ್ತಕ್ಕೆ ಇಳಿದು ಪ್ರಾಣ ಹೋಗುತ್ತಿದ್ದ ನನ್ನ ಚಿಕ್ಕಮ್ಮನಿಗೆ ಸರಿಯಾದ ಔಷಧ ಅರ್ಧ ಗಂಟೆಯಲ್ಲಿ ಸಿಗುತ್ತಿತ್ತು. ಸಿಕ್ಕಿದ್ದು ಎರಡು ಗಂಟೆ ಐದು ನಿಮಿಷದ ಮೇಲೆ. ಆಕೆ ಬದುಕಿದ್ದಾಳೆ. ನಿಮ್ಮ ದಾಖಲೆಯಲ್ಲಿ ‘ಗುಣಮುಖ’ ಎಂಬ ಕಲಂನಲ್ಲಿದ್ದಾಳೆ. ಆಕೆಯ ಬಲಗೈಯ ಮೂರು ಬೆರಳು ಮತ್ತು ಎಡಗೈಯ ಒಂದು ಬೆರಳಿಗೆ ಮಾತ್ರ ನಿಮ್ಮಲ್ಲಿ ಯಾವ ಕಲಮೂ ಇಲ್ಲ.

ನನ್ನ ಮುಖ ನಿಮಗೆ ನೆನಪಿರಲಿಕ್ಕಿಲ್ಲ. ಮೂರನೇ ಮಹಡಿಯಲ್ಲಿ ನಿಮ್ಮ ಕೊಠಡಿಯ ಹೊರಗೆ, ನೀರಿನ ಫಿಲ್ಟರಿಗೂ ಜೆರಾಕ್ಸ್ ಯಂತ್ರಕ್ಕೂ ನಡುವೆ ಒಂದು ಮೇಜಿದೆಯಲ್ಲ, ಅಲ್ಲಿ ಎಂಟು ತಿಂಗಳು ಕೂತಿದ್ದೆ. ನೀರು ಕುಡಿಯಲು ಬಂದವರು ಲೋಟವನ್ನು ನನ್ನ ಮೇಜಿನ ಮೇಲೆ ಇಟ್ಟುಹೋಗುತ್ತಿದ್ದರು, ಜೆರಾಕ್ಸ್‌ಗೆ ಬಂದವರು ಕಾಗದ ಸಿಕ್ಕಿಕೊಂಡರೆ ನನ್ನನ್ನು ನೋಡುತ್ತಿದ್ದರು. ನಾನು ಸಾಹಿತ್ಯದಲ್ಲಿ ಎಂ.ಎ. ಮಾಡಿದವಳು. ಕರಡು ತಿದ್ದುವುದಕ್ಕೆ ಗುತ್ತಿಗೆಯ ಮೇಲೆ ತೆಗೆದುಕೊಳ್ಳುವಾಗ ನೀವು ನನ್ನ ಅರ್ಜಿಯನ್ನು ಓದಿ, “ಭಾಷೆ ಚೆನ್ನಾಗಿದೆ” ಎಂದಿದ್ದಿರಿ. ನನಗೆ ಮೂರು ದಿನ ಖುಷಿಯಾಗಿತ್ತು. ನಾನು ಹೆಚ್ಚು ಮಾತನಾಡುವವಳಲ್ಲ. ಅಂಗಡಿಯಲ್ಲಿ ಚಿಲ್ಲರೆ ಕಡಿಮೆ ಕೊಟ್ಟರೂ ಕೇಳದೆ ಬರುವ ಜಾತಿ. ಅಂಥವರು ಸರ್ಕಾರಿ ಕಚೇರಿಗಳಿಗೆ ಎಷ್ಟು ಅನುಕೂಲ ಎಂಬುದು ನನಗೆ ತಡವಾಗಿ ತಿಳಿಯಿತು.

ನಿಮ್ಮ ಪರವಾಗಿ ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಹೋದಂತೆ ಮರೆತುಹೋಗುವ ಸಂಭವವಿದೆ. ಆ ಸುತ್ತೋಲೆ ಬೇಕಾಗಿತ್ತು. ನೆಗಡಿಗೂ, ಬಂದುಹೋಗುವ ಜ್ವರಕ್ಕೂ ಅತಿ ಪ್ರಬಲವಾದ ಔಷಧ ಬರೆದುಕೊಡುವ ವೈದ್ಯರು ನಿಮ್ಮಲ್ಲಿದ್ದರು. ಹಾಗೆ ಬಳಸಿದಷ್ಟೂ ರೋಗಾಣುಗಳು ಅದಕ್ಕೆ ಪಳಗುತ್ತವೆ, ಕೊನೆಗೆ ಒಂದು ದಿನ ಯಾವ ಔಷಧವೂ ನಾಟುವುದಿಲ್ಲ. ಆದ್ದರಿಂದ ಅಂಥ ಔಷಧಗಳನ್ನು ಬೀಗ ಹಾಕಿದ ಕಪಾಟಿನಲ್ಲಿಟ್ಟು, ಘಟಕದ ಮುಖ್ಯಸ್ಥರ ಸಹಿ ಒಂದು, ನಿಮ್ಮ ಸಹಿ ಒಂದು ಇದ್ದರೆ ಮಾತ್ರ ಕೊಡಬೇಕು ಎಂದಿರಿ. ಬೀಗವನ್ನು ನಾನು ದೂರುತ್ತಿಲ್ಲ. ಮನೆಗೆ ಬೆಂಕಿ ಬಿದ್ದಾಗಲೂ ಬೀಗದ ಕೈ ಮೀಟಿಂಗಿನಲ್ಲಿರಬೇಕೆ ಎಂಬುದಷ್ಟೇ ನನ್ನ ಪ್ರಶ್ನೆ.

ಸುತ್ತೋಲೆಯ ಮೊದಲ ಕರಡು ಬರೆದವರು ನಿಮ್ಮ ಪ್ರಯೋಗಾಲಯದ ಮುಖ್ಯಸ್ಥೆ. ಎಲ್ಲರೂ ಅವರನ್ನು ಲ್ಯಾಬ್ ಮೇಡಂ ಎನ್ನುತ್ತಾರೆ. ಅದನ್ನು ನನಗೆ ಕೊಡುವಾಗ ಅವರು, ಅರ್ಥವಾಗದ ಜಾಗವಿದ್ದರೆ ಕೇಳು ಎಂದರು. ಆ ಆಸ್ಪತ್ರೆಯಲ್ಲಿ ನನಗೆ ಹಾಗೆಂದವರು ಅವರೊಬ್ಬರೇ, ಹಾಗಾಗಿ ಧೈರ್ಯ ಮಾಡಿ ಕೇಳಿದೆ.

“ಇಲ್ಲಿ ಕೆಳಗಿನ ದರ್ಜೆ ಔಷಧದಿಂದ ಶುರು ಮಾಡಿ ಅಂತ ಬರೆದಿದ್ದೀರಿ. ಕೊನೆಯ ನಾಲ್ಕು ಸಾಲಿನಲ್ಲಿ ಮೇಲಿನದನ್ನೇ ಮೊದಲು ಕೊಡಿ ಅಂತಿದೆ. ಎರಡೂ ಒಂದಕ್ಕೊಂದು ವಿರುದ್ಧ ಆಗಲ್ವಾ ಮೇಡಂ?”

“ಜ್ವರ ಬಂದು ಕೂತಿರೋರಿಗೆ ಟೈಮಿದೆಯಮ್ಮ. ಒಂದೊಂದೇ ಮೆಟ್ಟಿಲು ಹತ್ತಬಹುದು. ಸೆಪ್ಟಿಕ್ ಶಾಕ್ ಅಂದ್ರೆ ಬೇರೆ. ರೋಗಾಣು ರಕ್ತದಲ್ಲೆಲ್ಲಾ ಹರಡಿ ಬಿಪಿ ಕುಸಿದುಬಿಟ್ಟಿರುತ್ತೆ. ಕಿಡ್ನಿಗೆ, ಮಿದುಳಿಗೆ, ಕೈಕಾಲಿಗೆ ರಕ್ತ ಹೋಗ್ತಿರಲ್ಲ. ಅವರಿಗೆ ಮೆಟ್ಟಿಲು ಹತ್ತೋಕೆ ಪುರುಸೊತ್ತೆಲ್ಲಿ? ಮೇಲಿಂದ ಶುರು ಮಾಡಿ ಕೆಳಗಿಳೀಬೇಕು. ಮೊದಲು ರಕ್ತ ತೆಗೆದು, ರೋಗಾಣು ಬೆಳೆಸಿ ನೋಡೋ ಕಲ್ಚರ್‌ಗೆ ಕಳಿಸೋದು, ಮೊದಲ ಗಂಟೆಯೊಳಗೇ ದೊಡ್ಡ ಔಷಧ ಹಾಕೋದು. ಎರಡು ಮೂರು ದಿನಕ್ಕೆ ಯಾವ ರೋಗಾಣು ಅಂತ ನಾವು ಲ್ಯಾಬಿನಿಂದ ಹೇಳ್ತೀವಿ, ಆಗ ಚಿಕ್ಕದು ಸಾಕಾದ್ರೆ ಚಿಕ್ಕದಕ್ಕೆ ಇಳಿಸೋದು.”

“ಅಂದ್ರೆ ಮೊದಲ ದಿನ ಕೊಡೋದು ಊಹೆ ಮೇಲೆ.”

“ಊಹೆನೇ. ಆದ್ರೆ ಕಣ್ಣು ಮುಚ್ಚಿಕೊಂಡು ಅಲ್ಲ. ಸೋಂಕು ಎಲ್ಲಿಂದ ಶುರುವಾಯ್ತು, ಹಿಂದೆ ಏನಾಗಿತ್ತು, ಹಳೇ ಕಲ್ಚರ್ ವರದಿ ಇದ್ರೆ ಅದರಲ್ಲಿ ಏನಿತ್ತು, ಇದೆಲ್ಲ ನೋಡಿಕೊಂಡು ಮಾಡೋ ಊಹೆ. ಅದಕ್ಕೇ ಆ ನಾಲ್ಕು ಸಾಲು.”

ಆ ನಾಲ್ಕು ಸಾಲು ನನಗೆ ಬಾಯಿಪಾಠವಾಗಿದೆ. ನಿಮಗೂ ಆಗಲಿ ಎಂದು ಇಲ್ಲಿ ಬರೆಯುತ್ತೇನೆ: “ರೋಗಿಯು ಸೆಪ್ಟಿಕ್ ಶಾಕ್ ಸ್ಥಿತಿಯಲ್ಲಿದ್ದರೆ ಮೇಲ್ದರ್ಜೆಯ ಔಷಧದ ಮೊದಲ ಡೋಸನ್ನು ಸಹಿಗೆ ಕಾಯದೆ ಕೂಡಲೇ ಕೊಡತಕ್ಕದ್ದು; ಸಹಿಯನ್ನು ಇಪ್ಪತ್ತನಾಲ್ಕು ಗಂಟೆಯೊಳಗೆ ಪಡೆಯಬಹುದು. ಹಿಂದಿನ ಕಲ್ಚರ್ ವರದಿ ಇದ್ದಲ್ಲಿ ಅದರ ಆಧಾರದ ಮೇಲೆ ಔಷಧ ಆರಿಸತಕ್ಕದ್ದು. ಹೊಸ ವರದಿ ಬಂದ ಮೇಲೆ ಸಾಧ್ಯವಾದಲ್ಲಿ ಕೆಳದರ್ಜೆಗೆ ಇಳಿಯತಕ್ಕದ್ದು.”

ಇದನ್ನೆಲ್ಲ ಸೇರಿಸಿ ಟೈಪ್ ಮಾಡಿದಾಗ ಸುತ್ತೋಲೆ ಒಂದು ಪುಟ ದಾಟಿ ಎರಡನೆಯದಕ್ಕೆ ನಾಲ್ಕು ಸಾಲು ಚೆಲ್ಲಿತು. ನಿಮ್ಮ ಕಚೇರಿಯ ಕಟ್ಟಳೆ ಗೊತ್ತಿರುವವರಿಗೆ ಇದು ಎಂಥ ಅಪರಾಧ ಎಂದು ಗೊತ್ತು. ನೀವು ಅಧಿಕಾರ ವಹಿಸಿಕೊಂಡ ತಿಂಗಳೇ ಎಲ್ಲ ವಾರ್ಡುಗಳಿಗೂ ಗಾಜಿನ ಚೌಕಟ್ಟು ಹಾಕಿಸಿದಿರಿ. ಒಂದು ಚೌಕಟ್ಟು, ಒಂದು ಹಾಳೆ, ಒಂದು ಆದೇಶ. ಮೊದಲೆಲ್ಲ ಸುತ್ತೋಲೆಗಳು ಮೊಳೆಗೆ ಚುಚ್ಚಿದ ಕಟ್ಟಾಗಿ ನೇತಾಡುತ್ತಿದ್ದವಂತೆ, ಯಾರೂ ಓದುತ್ತಿರಲಿಲ್ಲವಂತೆ. ನಿಮ್ಮ ಸುಧಾರಣೆಯನ್ನು ಮೇಲಿನವರೂ ಮೆಚ್ಚಿಕೊಂಡರು. ನಾನೂ ಮೆಚ್ಚಿಕೊಂಡಿದ್ದೆ.

ನೀವು ಕರಡನ್ನು ನೋಡಿ ಪೆನ್ಸಿಲ್ ಎತ್ತಿಕೊಂಡಿರಿ. “ನಾಲ್ಕು ಸಾಲು ಹೆಚ್ಚಾಗಿದೆಯಲ್ಲಮ್ಮ.”

“ಹೌದು ಸರ್.”

“ಎರಡನೇ ಪುಟ ಯಾರೂ ಓದಲ್ಲ. ತೆಗೆದುಬಿಡು.” ಕೊನೆಯ ನಾಲ್ಕು ಸಾಲಿನ ಸುತ್ತ ಗೆರೆ ಎಳೆದಿರಿ. ಅವು ಕೊನೆಯಲ್ಲಿದ್ದವು ಎಂಬುದರ ಹೊರತು ಬೇರೆ ಕಾರಣ ಇರಲಿಲ್ಲ. ಮೂರನೇ ಪ್ಯಾರಾದಲ್ಲಿ ಇದ್ದಿದ್ದರೆ ಅವು ಉಳಿದು, ಕಪಾಟಿನ ಬೀಗದ ಕೈ ಎಷ್ಟಿರಬೇಕೆಂಬ ಸಾಲುಗಳು ಹೋಗುತ್ತಿದ್ದವು.

ಅಕ್ಷರದ ಗಾತ್ರ ಸ್ವಲ್ಪ ಸಣ್ಣದು ಮಾಡಿದರೆ ಹಿಡಿಸುತ್ತದೆ ಸರ್ ಎನ್ನಬೇಕೆಂದಿದ್ದೆ. ನಿಮ್ಮ ಫೋನು ರಿಂಗಾಯಿತು, ನೀವು ಹೋಗೆಂದು ಕೈ ಬೀಸಿದಿರಿ, ನಾನು ಹೊರಗೆ ಬಂದು ಆ ಸಾಲುಗಳನ್ನು ತೆಗೆದೆ. ತೆಗೆದ ಮೇಲೆ ಪುಟ ಎಷ್ಟು ಲಕ್ಷಣವಾಗಿ ಕಾಣುತ್ತಿತ್ತೆಂದರೆ, ಎರಡೂ ಬದಿಯ ಅಂಚು ಸಮನಾಗಿ ಬಂದದ್ದನ್ನು ನೋಡಿ ನನಗೆ ಹೆಮ್ಮೆಯಾಯಿತು. ಈ ಪಾಪದಲ್ಲಿ ನನ್ನ ಪಾಲೂ ಇದೆ ಎಂದು ಮುಚ್ಚಿಡದೆ ಬರೆಯುತ್ತಿದ್ದೇನೆ. ಆದರೆ ಪಾಲು ಹಂಚಿಕೊಂಡ ಮಾತ್ರಕ್ಕೆ ನಿಮ್ಮದು ಕಡಿಮೆಯಾಗುವುದಿಲ್ಲ. ಲ್ಯಾಬ್ ಮೇಡಂ ಸುಮ್ಮನಿರಲಿಲ್ಲ. ಎರಡು ಸಲ ಟಿಪ್ಪಣಿ ಬರೆದರು. ಎರಡನ್ನೂ ನಾನೇ ನಿಮ್ಮ ಮೇಜಿನ ಮೇಲೆ, ಕನ್ನಡಕದ ಪೆಟ್ಟಿಗೆಯ ಕೆಳಗೆ ಇಟ್ಟೆ. ಮೊದಲನೆಯದರ ಮೇಲೆ ‘ನೋಡಿದೆ’ ಎಂದು ಬರೆದಿರಿ. ಎರಡನೆಯದರ ಮೇಲೆ ಅದೂ ಇಲ್ಲ.

ಇನ್ನು ನನ್ನ ಚಿಕ್ಕಮ್ಮನ ವಿಷಯ. ಅಮ್ಮನ ತಂಗಿ. ನಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಬೈಂಡಿಂಗ್ ಅಂಗಡಿ ನಡೆಸುತ್ತಾಳೆ, ಅಥವಾ ನಡೆಸುತ್ತಿದ್ದಳು. ಗ್ರಂಥಾಲಯದ ಹರಿದ ಪುಸ್ತಕಗಳು, ವಿದ್ಯಾರ್ಥಿಗಳ ಪ್ರಬಂಧಗಳು, ವಕೀಲರ ದಪ್ಪ ಸಂಪುಟಗಳು ಆಕೆಯ ಕೈಗೆ ಬರುತ್ತಿದ್ದವು. ಯಂತ್ರವನ್ನು ನಂಬುತ್ತಿರಲಿಲ್ಲ, ದಬ್ಬಣದಿಂದ ತೂತು ಮಾಡಿ ಮೇಣ ಸವರಿದ ದಾರದಿಂದ ಕೈಯಲ್ಲೇ ಹೊಲಿಯುತ್ತಿದ್ದಳು. ಹಾಳೆಯ ಅಂಚನ್ನು ಬೆರಳ ತುದಿಯಿಂದ ಸವರಿ ಒಂದು ಹಾಳೆ ಕಮ್ಮಿಯಿದೆ ಎನ್ನುತ್ತಿದ್ದಳು, ಎಣಿಸಿದರೆ ಕಮ್ಮಿಯೇ ಇರುತ್ತಿತ್ತು. ನಾನು ಓದಿದ ಪುಸ್ತಕಗಳಲ್ಲಿ ಅರ್ಧಕ್ಕರ್ಧ ಆಕೆಯ ಮೇಜಿನ ಕೆಳಗೆ ಕೂತು ಓದಿದವು. “ನಾನು ಹೊಲಿಯೋದು, ಇವಳು ಓದೋದು. ಪುಸ್ತಕ ಬರೆದೋರಿಗೆ ಗೊತ್ತಾದ್ರೆ ಇಬ್ಬರಿಗೂ ಬೈತಾರೆ,” ಎಂದು ಬಂದ ಗಿರಾಕಿಗಳಿಗೆಲ್ಲ ಹೇಳುವಳು.

ಆಕೆಗೆ ಮೂತ್ರಪಿಂಡದಲ್ಲಿ ಕಲ್ಲಾಗಿ ನಿಮ್ಮ ಆಸ್ಪತ್ರೆಯಲ್ಲೇ ಒಳಗೆ ಸಣ್ಣ ಕೊಳವೆಯೊಂದನ್ನು ಇರಿಸಿದ್ದರು. ಆಗ ಮೂತ್ರದಲ್ಲಿ ಸೋಂಕು ಕಂಡಿತ್ತು, ಕಲ್ಚರ್ ವರದಿ ಬಂದಿತ್ತು. ಸಾಮಾನ್ಯವಾಗಿ ಕೊಡುವ ಔಷಧಗಳ ಎದುರು ಸಾಲಾಗಿ ‘ನಾಟುವುದಿಲ್ಲ’ ಎಂದೂ, ಕೊನೆಯಲ್ಲಿ ಎರಡೇ ಎರಡರ ಎದುರು ‘ನಾಟುತ್ತದೆ’ ಎಂದೂ ಇತ್ತು. ಆ ಎರಡೂ ನಿಮ್ಮ ಬೀಗದ ಕಪಾಟಿನವು. ಅಂದು ಜ್ವರವಿರಲಿಲ್ಲ, ತೊಂದರೆ ಆದರೆ ಬನ್ನಿ ಎಂದು ಮನೆಗೆ ಕಳಿಸಿದ್ದರು. ಚಿಕ್ಕಮ್ಮ ತನ್ನ ಕಾಗದಗಳನ್ನೆಲ್ಲ ರಟ್ಟು ಹಾಕಿ ಹೊಲಿದು ಒಂದು ಪುಟ್ಟ ಪುಸ್ತಕ ಮಾಡಿಟ್ಟಿದ್ದಳು.

ಆರು ವಾರದ ಮೇಲೆ ಒಂದು ಬೆಳಿಗ್ಗೆ ನಾನು ಕೆಲಸಕ್ಕೆ ಹೊರಟವಳು ಅಂಗಡಿಗೆ ಇಣುಕಿದರೆ, ಚಿಕ್ಕಮ್ಮ ರಟ್ಟಿಗೆ ಹಚ್ಚುವ ಕ್ಯಾಲಿಕೋ ಬಟ್ಟೆಯ ಮೂರು ಸುರುಳಿ ಬಿಚ್ಚಿ ಮೈತುಂಬ ಸುತ್ತಿಕೊಂಡು ನಡುಗುತ್ತಿದ್ದಳು.

“ಏನಾಯ್ತೇ?”

“ಚಳಿ. ಹಂಗೇ ಬೆನ್ನಿಗೆ ಒಂದು ರಟ್ಟು ಹಾಕಿ ಹೊಲಿದುಬಿಡು, ಕಪಾಟಿನಲ್ಲಿ ಇಡು.”

ಹಾಗೆ ಹೇಳಿದವಳು ಎದ್ದು ನಿಲ್ಲಲು ಹೋಗಿ ಕುಸಿದಳು. ಟ್ಯಾಕ್ಸಿಯಲ್ಲಿ ನನ್ನನ್ನು ಅಮ್ಮನ ಹೆಸರಿನಿಂದ ಕರೆದಳು. ನಿಮ್ಮ ತುರ್ತು ಚಿಕಿತ್ಸಾ ಘಟಕಕ್ಕೆ ನಾವು ತಲುಪಿದ್ದು ಹನ್ನೊಂದು ಹತ್ತಕ್ಕೆ. ಬಿಪಿ ಎಪ್ಪತ್ತಕ್ಕೆ ಇಳಿದಿತ್ತು. ಅಲ್ಲಿದ್ದ ಕರ್ತವ್ಯದ ವೈದ್ಯರು ನನಗಿಂತ ನಾಲ್ಕೈದು ವರ್ಷ ದೊಡ್ಡವರಿರಬಹುದು. ಅವರ ಮೇಲೆ ನನಗೆ ಒಂದು ದೂರೂ ಇಲ್ಲ. ಬಂದ ಕೂಡಲೇ ಸೆಪ್ಟಿಕ್ ಶಾಕ್ ಎಂದು ಗುರುತಿಸಿದರು, ಎರಡೂ ಕೈಗೆ ಸಲೈನ್ ಹಾಕಿಸಿದರು, ಕಲ್ಚರ್‌ಗೆ ರಕ್ತ ತೆಗೆಸಿದರು. ಹನ್ನೊಂದು ಮೂವತ್ತೈದಕ್ಕೆ ನಿಮ್ಮ ಸುತ್ತೋಲೆಯ ಮೊದಲ ಮೆಟ್ಟಿಲಿನ ಇಂಜೆಕ್ಷನ್ ಕೊಡಿಸಿದರು. ಆಗಲೇ ನನಗೆ ಚಿಕ್ಕಮ್ಮನ ಪುಸ್ತಕದ ನೆನಪಾಗಿ ಚೀಲದಿಂದ ತೆಗೆದುಕೊಟ್ಟೆ. ಅವರು ಪುಟ ತಿರುಗಿಸಿ ಆ ವರದಿಯ ಮೇಲೆ ಬೆರಳಿಟ್ಟು ನಿಂತುಬಿಟ್ಟರು.

ಹಿರಿಯ ನರ್ಸ್ ಪಕ್ಕದಿಂದ ಬಗ್ಗಿ ನೋಡಿದರು. “ಈಗ ಕೊಟ್ಟೆವಲ್ಲ, ಅದೇ ಮೊದಲನೇ ಹೆಸರು ಡಾಕ್ಟ್ರೇ. ನಾಟಲ್ಲ ಅಂತಿದೆ.”

“ನೋಡಿದೆ ಸಿಸ್ಟರ್.”

“ಕಪಾಟಿಂದು ತರಿಸಿ ಹಾಕಿಬಿಡೋಣ. ಸಹಿ ಆಮೇಲೆ ತಗೊಂಡ್ರಾಯ್ತು.”

“ಫಾರ್ಮಸಿಯವರು ಎರಡು ಸಹಿ ಇಲ್ದೆ ಕೊಡಲ್ಲ. ಫೋನಿನಲ್ಲಿ ಹೇಳಿದ್ರೂ ನಡೆಯಲ್ಲ. ಹೋದ ತಿಂಗಳು ಕೊಟ್ಟಿದ್ದಕ್ಕೆ ಒಬ್ಬರಿಗೆ ಮೆಮೊ ಬಂತು, ನಿಮಗೇ ಗೊತ್ತಲ್ಲ.” ಅವರು ಗೋಡೆಯತ್ತ ಗಲ್ಲ ಎತ್ತಿ ತೋರಿಸಿದರು. “ಅಲ್ಲೇ ಬರೆದಿದೆ.”

ನಾನೂ ನೋಡಿದೆ. ಗಾಜಿನೊಳಗೆ ನಾನು ಟೈಪ್ ಮಾಡಿದ ಹಾಳೆ. ಎರಡೂ ಬದಿಯ ಅಂಚು ಸಮನಾಗಿತ್ತು.

ವೈದ್ಯರು ಎರಡು ಸಹಿಯ ಫಾರಂ ತುಂಬಿಸಿ ನನ್ನ ಕೈಗೆ ಕೊಟ್ಟರು. ಇಲ್ಲಿಯ ಸಿಬ್ಬಂದಿ ನೀನು, ನಿನಗೆ ಬೇಗ ಆಗುತ್ತದೆ ಎಂದರು. ಘಟಕದ ಮುಖ್ಯಸ್ಥರು ಶಸ್ತ್ರಚಿಕಿತ್ಸೆ ಮುಗಿಸಿ ಹೊರಬರುವವರೆಗೆ ಕಾದು, ಹನ್ನೆರಡು ಐದಕ್ಕೆ ಅವರ ಸಹಿ ಪಡೆದೆ. ಅಲ್ಲಿಂದ ಓಡಿ ಮೂರನೇ ಮಹಡಿಗೆ ಬಂದೆ. ನಿಮ್ಮ ಬಾಗಿಲು ಮುಚ್ಚಿತ್ತು, ಮುಂದೆ ನಿಮ್ಮ ಆಪ್ತ ಸಹಾಯಕರು ಕೂತಿದ್ದರು.

“ಒಳಗೆ ಮೀಟಿಂಗು.”

“ಅರ್ಜೆಂಟ್ ಸರ್. ಒಂದು ಸಹಿ.”

“ಈ ಮಹಡಿಗೆ ಬರೋರೆಲ್ಲಾ ಅರ್ಜೆಂಟೇ. ಕೂತ್ಕೊ, ಈಗ ಮುಗಿಯುತ್ತೆ.”

“ರೋಗಿ ನಮ್ಮ ಚಿಕ್ಕಮ್ಮ ಸರ್.”

“ಎಲ್ಲ ರೋಗಿಗಳೂ ಯಾರಿಗೋ ಚಿಕ್ಕಮ್ಮನೇ ಆಗಿರ್ತಾರಮ್ಮ. ಹಾಗಂತ ಬಾಗಿಲು ತೆಗೆದುಬಿಡಕ್ಕಾಗುತ್ತಾ?”

ನಾನು ಕೂರಲಿಲ್ಲ, ಬಾಗಿಲ ಪಕ್ಕ ನಿಂತೆ. ತೆಳ್ಳನೆಯ ಹಲಗೆಯ ಬಾಗಿಲು ಅದು, ಒಳಗಿನ ಮಾತು ಕೇಳಿಸುತ್ತದೆ. ಆ್ಯಂಟಿಬಯಾಟಿಕ್ ಜಾಗೃತಿ ಸಪ್ತಾಹದ ಭಿತ್ತಿಚಿತ್ರಕ್ಕೆ ಯಾವ ಚಿತ್ರ ಎಂದು ನೀವು ಆರಿಸುತ್ತಿದ್ದಿರಿ. ಮಾತ್ರೆಯೊಂದಕ್ಕೆ ಸರಪಳಿ ಸುತ್ತಿ ಬೀಗ ಹಾಕಿದ ಚಿತ್ರ ಎಲ್ಲರಿಗೂ ಹಿಡಿಸಿತ್ತು. ಬೀಗ ಕೆಂಪಗಿರಬೇಕೋ ಹಳದಿಯಿರಬೇಕೋ ಎಂದು ಚರ್ಚೆ. ಹಳದಿಯಾದರೆ ದೂರದಿಂದ ಬಾಳೆಹಣ್ಣಿನ ಹಾಗೆ ಕಾಣುತ್ತದೆ ಎಂದು ಯಾರೋ ಅಂದರು, ಎಲ್ಲರೂ ನಕ್ಕರು. ನೀವೂ ನಕ್ಕಿರಿ, ನಿಮ್ಮ ನಗು ನನಗೆ ಗೊತ್ತು.

ಐದು ನಿಮಿಷಕ್ಕೊಮ್ಮೆ ಆಪ್ತ ಸಹಾಯಕರು “ಈಗ ಬರ್ತಾರೆ” ಎನ್ನುತ್ತಿದ್ದರು. ಪ್ರತಿಸಲವೂ ನಾನು ನಂಬಿದೆ. ಕೈ ಎತ್ತಿ ಬಾಗಿಲು ತಟ್ಟಬಹುದಿತ್ತು. ತಟ್ಟದೆಯೇ ತಳ್ಳಿಕೊಂಡು ನುಗ್ಗಬಹುದಿತ್ತು. ಹೆಚ್ಚೆಂದರೆ ಬೈಯುತ್ತಿದ್ದಿರಿ, ಕೆಲಸದಿಂದ ತೆಗೆಯುತ್ತಿದ್ದಿರಿ. ನಲವತ್ತು ನಿಮಿಷ ಬಾಗಿಲಿನ ಹಿಡಿಯನ್ನು ನೋಡುತ್ತಾ ನಿಂತೆ. ಮೂರು ಮಹಡಿ ಕೆಳಗೆ ಚಿಕ್ಕಮ್ಮನ ಬೆರಳುಗಳು ಆಗಲೇ ತಣ್ಣಗಾಗುತ್ತಿದ್ದವು.

ಹನ್ನೆರಡು ಐವತ್ತಕ್ಕೆ ನೀವು ಹೊರಗೆ ಬಂದಿರಿ. ನಾನು ಫಾರಂ ಚಾಚಿದೆ. ಜೇಬು ತಡಕಿ, ನನ್ನದೇ ಪೆನ್ನು ಇಸಿದುಕೊಂಡು, ಫಾರಮಿನಲ್ಲಿ ಏನಿದೆ ಎಂದು ಓದದೆ ಸಹಿ ಹಾಕಿದಿರಿ. ಹಾಕುತ್ತಾ, “ನೀನು ಟೈಪಿಂಗ್‌ನವಳಲ್ವಾ? ಭಿತ್ತಿಚಿತ್ರದ ಒಕ್ಕಣೆ ಇವತ್ತೇ ಬೇಕು,” ಎಂದಿರಿ. ಗಮನಿಸಿ: ಔಷಧವನ್ನು ಕಾಪಾಡಲು ಇಟ್ಟ ಕಾವಲು ನಿಮ್ಮ ಸಹಿ. ಅದು ಏನನ್ನೂ ಓದುವುದಿಲ್ಲ, ಏನನ್ನೂ ತಡೆಯುವುದಿಲ್ಲ, ತಡ ಮಾಡುತ್ತದೆ ಅಷ್ಟೇ. ನಾನು ಅಂದು ನೆಗಡಿಯ ರೋಗಿಗೆಂದು ತಂದಿದ್ದರೂ ಅದೇ ಸಹಿ ಬೀಳುತ್ತಿತ್ತು.

ಫಾರ್ಮಸಿಯ ಕಪಾಟು ತೆರೆದು ಔಷಧ ಆಕೆಯ ರಕ್ತ ಸೇರುವಾಗ ಒಂದು ಹದಿನೈದು. ಬಿಪಿ ಎತ್ತಿಹಿಡಿಯಲು ಕೊಡುತ್ತಿದ್ದ ಔಷಧದ ಪ್ರಮಾಣವನ್ನು ಅಷ್ಟರಲ್ಲಿ ಮೂರು ಸಲ ಏರಿಸಿದ್ದರು. ಅದು ಹೃದಯವನ್ನೂ ಮಿದುಳನ್ನೂ ಉಳಿಸುತ್ತದೆ, ಕೈಕಾಲಿನ ತುದಿಯ ಸಣ್ಣ ರಕ್ತನಾಳಗಳನ್ನು ಮಾತ್ರ ಇನ್ನಷ್ಟು ಹಿಂಡುತ್ತದೆ. ಒಂಬತ್ತು ದಿನ ಐಸಿಯುನಲ್ಲಿದ್ದಳು. ಬೆರಳುಗಳು ನೀಲಿಯಾದವು, ಆಮೇಲೆ ಕಪ್ಪಾದವು, ಒಣಗಿದವು. ಮೂರನೇ ದಿನ ಲ್ಯಾಬ್ ಮೇಡಂ ತಾವೇ ಕೆಳಗಿಳಿದು ಬಂದರು. ರಕ್ತದಲ್ಲಿ ಬೆಳೆದದ್ದು ಆರು ವಾರದ ಹಿಂದಿನ ಅದೇ ರೋಗಾಣು, ಅದೇ ಪಟ್ಟಿ. ಆಕೆಯ ಪುಸ್ತಕದ ಹನ್ನೊಂದನೇ ಪುಟದಲ್ಲಿ ಉತ್ತರ ಹೊಲಿದು ಇಟ್ಟಿತ್ತು. ಓದಬಹುದಾಗಿತ್ತು. ಓದಿದವರೂ ಇದ್ದರು. ಓದಿದ್ದನ್ನು ಮಾಡಲು ಅನುಮತಿ ಇರಲಿಲ್ಲ.

ಇಪ್ಪತ್ತನಾಲ್ಕನೇ ದಿನ ಬೆರಳು ತೆಗೆದರು. ಬೇಗ ಕೊಟ್ಟಿದ್ದರೆ ಉಳಿಯುತ್ತಿದ್ದವೇ ಎಂದು ಆ ಕರ್ತವ್ಯದ ವೈದ್ಯರನ್ನು ಕೇಳಿದೆ. ಅವರು ಸುಳ್ಳು ಹೇಳಲಿಲ್ಲ. “ಖಂಡಿತಾ ಅಂತ ಹೇಳಕ್ಕಾಗಲ್ಲ. ಉಳಿಯೋ ಸಾಧ್ಯತೆ ಜಾಸ್ತಿ ಇತ್ತು. ಒಂದೊಂದು ಗಂಟೆಗೂ ಅದು ಕಮ್ಮಿ ಆಗ್ತಾ ಹೋಗುತ್ತೆ.” ‘ಖಂಡಿತಾ ಹೇಳಲಾಗದು’ ಎಂಬ ಭಾಗವನ್ನು ನೀವು ಎತ್ತಿಕೊಳ್ಳುತ್ತೀರಿ ಎಂದು ಗೊತ್ತು. ಎತ್ತಿಕೊಳ್ಳಿ. ಉಳಿದ ಎರಡು ವಾಕ್ಯಗಳೂ ಅದರ ಜೊತೆಗೇ ಬರುತ್ತವೆ.

ಕಟ್ಟು ಬಿಚ್ಚಿದ ದಿನ ಚಿಕ್ಕಮ್ಮ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ನೋಡಿದಳು. ನಿಮ್ಮ ಬಾಗಿಲ ಬಳಿ ನಿಂತ ಕತೆಯನ್ನು ನಾನು ಆಕೆಗೆ ಆಗಲೇ ಹೇಳಿದ್ದೆ.

“ಇನ್ಮೇಲೆ ಸೂಜಿಗೆ ದಾರ ಪೋಣಿಸೋರು ಯಾರು?”

“ನಾನು ಪೋಣಿಸ್ತೀನಿ.”

“ನೀನಾ? ನಿಂಗೆ ಬಾಗಿಲು ತಟ್ಟೋಕೇ ಬರಲ್ಲ.”

ಅದನ್ನು ನಗುತ್ತಲೇ ಹೇಳಿದಳು. ನಗುತ್ತಾ ಹೇಳಿದ್ದರಿಂದ ಅದು ನನ್ನನ್ನು ಬಿಟ್ಟುಹೋಗಿಲ್ಲ.

ನಾವು ದೂರು ಕೊಟ್ಟೆವು. ಆಕೆ ಹೇಳಿದಳು, ಅಮ್ಮ ಬರೆದಳು, ಆಕೆ ಹೆಬ್ಬೆಟ್ಟು ಒತ್ತಿದಳು. ಸಹಿ ಹಾಕಲು ಬರುವ ಹೆಂಗಸು, ಹೆಬ್ಬೆರಳು ಉಳಿದಿತ್ತು ಎಂದು ಹೆಬ್ಬೆಟ್ಟು. ಹನ್ನೊಂದು ದಿನದ ಮೇಲೆ ನಿಮ್ಮ ಉತ್ತರ ತಯಾರಾಯಿತು. ಅದರ ಕರಡು ಎಲ್ಲಿಗೆ ಬಂತು ಹೇಳಿ? ಫಿಲ್ಟರಿಗೂ ಜೆರಾಕ್ಸಿಗೂ ನಡುವಿನ ಮೇಜಿಗೆ. ನಿಮ್ಮ ಪೆನ್ಸಿಲಿನ ಅಕ್ಷರದಲ್ಲಿ ಮೂರು ವಾಕ್ಯ: “ಸುತ್ತೋಲೆಯ ಪ್ರಕಾರ ಚಿಕಿತ್ಸೆ ನೀಡಲಾಗಿದೆ. ಮೇಲ್ದರ್ಜೆಯ ಔಷಧವನ್ನು ಅಗತ್ಯ ಅನುಮತಿಯೊಂದಿಗೆ ಒದಗಿಸಲಾಗಿದೆ. ರೋಗಿಯು ಗುಣಮುಖರಾಗಿ ಬಿಡುಗಡೆಯಾಗಿದ್ದಾರೆ.” ಪಕ್ಕದಲ್ಲಿ, ‘ಸ್ವಲ್ಪ ನಯವಾಗಿ ಬರೆಯಿರಿ’. ದೂರು ಕೊಟ್ಟವಳು ನನ್ನ ಚಿಕ್ಕಮ್ಮ ಎಂದು ನಿಮಗೆ ಹೊಳೆದೇ ಇರಲಿಲ್ಲ. ಸಹಿ ಹಾಕುವಾಗ ನೀವು ಫಾರಂ ಓದಿರಲಿಲ್ಲವಲ್ಲ.

ಕಾಗದ ಹಿಡಿದು ನಿಮ್ಮ ಕೊಠಡಿಗೆ ಬಂದೆ.

“ಸರ್, ಇದನ್ನ ನಾನು ಟೈಪ್ ಮಾಡಲ್ಲ.”

“ಯಾಕೆ? ಕಂಪ್ಯೂಟರ್ ಕೆಟ್ಟಿದೆಯಾ?”

“ಇಲ್ಲ ಸರ್. ಇದು ಸುಳ್ಳು.”

ನೀವು ಕನ್ನಡಕ ತೆಗೆದು ನನ್ನನ್ನು ನೋಡಿದಿರಿ. ಕೋಪವಿರಲಿಲ್ಲ, ನಿಜವಾಗಿ ಸಹಾಯ ಮಾಡುವ ದನಿಯಲ್ಲೇ ಕೇಳಿದಿರಿ. “ಯಾವ ಪದ ಸುಳ್ಳು ಹೇಳಮ್ಮ. ತೆಗೆದುಬಿಡೋಣ.”

ನಾನು ಮೂರೂ ವಾಕ್ಯಗಳನ್ನು ಮತ್ತೆ ಓದಿದೆ. ಒಂದು ಪದವೂ ಸುಳ್ಳಿರಲಿಲ್ಲ. ಸುತ್ತೋಲೆಯ ಪ್ರಕಾರವೇ ಆಗಿತ್ತು. ಅನುಮತಿ ಇತ್ತು. ಆಕೆ ನಡೆದುಕೊಂಡೇ ಮನೆಗೆ ಹೋಗಿದ್ದಳು. ಐದು ವರ್ಷ ಪದಗಳನ್ನೇ ಓದಿದವಳಿಗೆ ಉತ್ತರ ಹೊಳೆಯಲಿಲ್ಲ. ಕಾಗದವನ್ನು ನಿಮ್ಮ ಮೇಜಿನ ಮೇಲಿಟ್ಟು, ಚೀಲ ತೆಗೆದುಕೊಂಡು, ಮೆಟ್ಟಿಲಿಳಿದು ಹೊರಟುಹೋದೆ. ಎರಡು ವಾರದಿಂದ ಆ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದೇನೆ. ಈಗ ಸಿಕ್ಕಿದೆ. ಸುಳ್ಳು ಯಾವ ಪದದಲ್ಲೂ ಇಲ್ಲ, ನೀವು ತೆಗೆಸಿದ ಜಾಗದಲ್ಲಿದೆ. ನೀವೇ ಬಾಗಿಲಿಲ್ಲದ ಮನೆ ಕಟ್ಟಿಸಿ, ಒಳಗೆ ಸಿಕ್ಕಿಕೊಂಡವರಿಗೆ ‘ಬಾಗಿಲು ಇಲ್ಲದ್ದರಿಂದ ಬಾಗಿಲು ತೆರೆಯಲಾಗಲಿಲ್ಲ’ ಎಂದು ಬರೆದುಕೊಟ್ಟರೆ ಅದರಲ್ಲೂ ಯಾವ ಪದ ಸುಳ್ಳು?

ಕೆಲವು ಪ್ರಶ್ನೆಗಳಿವೆ, ನಯವಾಗಿ ಬರೆಯಲು ನನಗೆ ಪುರುಸೊತ್ತಿಲ್ಲ. ಜೀವಮಾನವಿಡೀ ಬೈಂಡಿಂಗ್ ಮಾಡಿದ ಹೆಂಗಸು ತನ್ನ ಮೈಯಲ್ಲಿ ಯಾವ ರೋಗಾಣು ಇತ್ತು ಎಂಬುದನ್ನು ಪುಟದ ಸಂಖ್ಯೆ ಸಮೇತ ಇಟ್ಟುಕೊಳ್ಳಬಹುದಾದರೆ, ಅದೇ ವರದಿ ಕೊಟ್ಟ ಆಸ್ಪತ್ರೆ ಯಾಕೆ ಇಟ್ಟುಕೊಳ್ಳಬಾರದು? ರಕ್ತದ ಸೋಂಕಿನ ಮೊದಲ ಗಂಟೆಯಲ್ಲಿ ಯಾವ ಔಷಧ ಎಂದು ಆರಿಸುವವರು ಹಾಸಿಗೆಯ ಪಕ್ಕ ನಿಂತವರೋ, ಬೀಗದ ಬಣ್ಣ ಆರಿಸುವವರೋ? ನಾನು ಇಲ್ಲಿಯ ಸಿಬ್ಬಂದಿ, ಮೆಟ್ಟಿಲು ಗೊತ್ತಿದ್ದವಳು, ನಿಮ್ಮ ಬಾಗಿಲು ಯಾವುದೆಂದು ಗೊತ್ತಿದ್ದವಳು. ಆದರೂ ಎರಡು ಗಂಟೆಯಾಯಿತು. ಏನೂ ಗೊತ್ತಿಲ್ಲದೆ ಬರುವವರಿಗೆ ಎಷ್ಟಾಗುತ್ತದೆ? ಅದನ್ನು ಲೆಕ್ಕ ಹಾಕಿದವರು ಯಾರಾದರೂ ನಿಮ್ಮಲ್ಲಿದ್ದಾರೆಯೇ? ಮೆಮೊಗೆ ಹೆದರಿ ಕೈಕಟ್ಟಿ ನಿಂತ ವೈದ್ಯರ ಮುಖ ನಾನು ನೋಡಿದ್ದೇನೆ. ಆ ಮುಖವನ್ನು ನಿಮ್ಮ ಚೌಕಟ್ಟಿನಲ್ಲಿ ಹಾಕಿಸಿ. ಒಂದೇ ಹಾಳೆಯಲ್ಲಿ ಹಿಡಿಸುತ್ತದೆ.

ನನ್ನ ಬೇಡಿಕೆ ಒಂದೇ. ಬೆರಳಿಗೆ ಪರಿಹಾರ ಕೇಳುತ್ತಿಲ್ಲ, ಅದನ್ನು ಕೇಳುವುದಿದ್ದರೆ ಚಿಕ್ಕಮ್ಮನೇ ಕೇಳುತ್ತಾಳೆ, ಆಕೆಗೆ ಬಾಯಿದೆ. ಆ ನಾಲ್ಕು ಸಾಲನ್ನು ಸುತ್ತೋಲೆಗೆ ವಾಪಸು ಹಾಕಿ. ಇವತ್ತು, ನಾಳೆಯಲ್ಲ. ನೀವು ಇದನ್ನು ಓದುತ್ತಿರುವಾಗಲೂ ಯಾರನ್ನೋ ಕೆಳಗೆ ಸ್ಟ್ರೆಚರಿನ ಮೇಲೆ ತರುತ್ತಿರಬಹುದು, ಗೋಡೆಯ ಮೇಲೆ ಇನ್ನೂ ಹಳೆಯ ಹಾಳೆಯೇ ಇದೆ.

ಜಾಗ ಸಾಲದು ಎನ್ನಬೇಡಿ. ತಿದ್ದಿದ ಸುತ್ತೋಲೆಯನ್ನು ನಾನೇ ಟೈಪ್ ಮಾಡಿ ಈ ಪತ್ರದ ಜೊತೆ ಇಟ್ಟಿದ್ದೇನೆ. ಅಕ್ಷರ ಸಣ್ಣದು ಮಾಡಬೇಕಾಗಿ ಬರಲಿಲ್ಲ. ಆಸ್ಪತ್ರೆಯ ಲಾಂಛನ ಇದ್ದಲ್ಲೇ ಇದೆ, ಶಿಸ್ತುಕ್ರಮದ ಎಚ್ಚರಿಕೆಯನ್ನೂ ಮುಟ್ಟಿಲ್ಲ. ಕೆಳಗೆ ನಿಮ್ಮ ಹೆಸರಿನ ಮುಂದೆ ನಿಮ್ಮ ಪದವಿಗಳು, ಪದಕಗಳು, ಸದಸ್ಯತ್ವಗಳು ಸರಿಯಾಗಿ ನಾಲ್ಕು ಸಾಲು ಬರುತ್ತಿದ್ದವು. ಅವನ್ನು ತೆಗೆದಿದ್ದೇನೆ. ಒಂದೇ ಪುಟ. ಲ್ಯಾಬ್ ಮೇಡಂ ನೋಡಿ ಸರಿಯಿದೆ ಎಂದಿದ್ದಾರೆ. ನಿಮ್ಮ ಸಹಿ ಒಂದು ಬಾಕಿ. ಸೋಮವಾರ ಹನ್ನೊಂದು ಗಂಟೆಗೆ ಹದಿನಾಲ್ಕು ಪ್ರತಿ ಹಿಡಿದು ಬರುತ್ತೇನೆ, ಚಿಕ್ಕಮ್ಮನೂ ಬರುತ್ತಾಳೆ. ನೀವು ಮೀಟಿಂಗಿನಲ್ಲಿದ್ದರೆ ತೊಂದರೆಯಿಲ್ಲ. ಈ ಸಲ ನಾವು ಹೊರಗೆ ನಿಲ್ಲುವುದಿಲ್ಲ.

ಇಂತಿ,
ನಿಮ್ಮ ಮಾತಿಗೆ ಎಂಟು ತಿಂಗಳು ‘ಹೌದು ಸರ್’ ಎಂದವಳು,
ಭಾಷೆ ಚೆನ್ನಾಗಿದ್ದ ಮಾಜಿ ಕರಡು ಗುಮಾಸ್ತೆ